ಶಾತೋ ಗಯ್ಯಾರ್: ಕೋಟೆಯ ಹೊರಗೆ ಉಳಿದವರು

ಕೋಟೆಯೆಂದರೆ ಆಶ್ರಯ ಎಂದೇ ಎಲ್ಲರ ತಿಳಿವಳಿಕೆ. ಶತ್ರು ಬಂದಾಗ ಊರಿನವರು ಒಳಗೆ ಓಡುತ್ತಾರೆ, ಬಾಗಿಲು ಮುಚ್ಚುತ್ತದೆ, ಜೀವ ಉಳಿಯುತ್ತದೆ. ಈ ತಿಳಿವಳಿಕೆಯನ್ನೇ ಪ್ರಶ್ನಿಸುವ ಪಾಳು ಕೋಟೆಯೊಂದು ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದಲ್ಲಿದೆ. ಸೇನ್ ನದಿಯ ತಿರುವಿನಲ್ಲಿ, ಸುಮಾರು 90 ಮೀಟರ್ ಎತ್ತರದ ಸುಣ್ಣಕಲ್ಲಿನ ಗುಡ್ಡದ ಮೇಲಿರುವ ಅದರ ಹೆಸರು ಶಾತೋ ಗಯ್ಯಾರ್.

ಇದನ್ನು ಕಟ್ಟಿಸಿದವನು ‘ಸಿಂಹಹೃದಯ’ನೆಂದು ಹೆಸರಾದ ಇಂಗ್ಲೆಂಡಿನ ದೊರೆ ಮೊದಲನೆಯ ರಿಚರ್ಡ್. ಆಗ ನಾರ್ಮಂಡಿಯೂ ಅವನದೇ. ಧರ್ಮಯುದ್ಧದಿಂದ ಮರಳುವಾಗ ಅವನು ಸೆರೆ ಸಿಕ್ಕಿದ್ದ ಕಾಲದಲ್ಲಿ ಫ್ರಾನ್ಸಿನ ದೊರೆ ಎರಡನೆಯ ಫಿಲಿಪ್ ಗಡಿಯ ಕೋಟೆಗಳನ್ನು ಕಬಳಿಸಿದ್ದ. ನಾರ್ಮಂಡಿಯ ಮುಖ್ಯ ನಗರ ರುವಾನ್‌ಗೆ ಹೋಗುವ ನದೀಮಾರ್ಗವನ್ನು ಕಾಯಲು ಹೊಸ ಕೋಟೆ ಬೇಕಾಯಿತು. ಜಾಗ ರುವಾನ್‌ನ ಆರ್ಚ್‌ಬಿಷಪ್ಪರದು. ಅವರು ಒಪ್ಪಲಿಲ್ಲ, ರಿಚರ್ಡ್ ಕೇಳಲಿಲ್ಲ. ಸಿಟ್ಟಾದ ಆರ್ಚ್‌ಬಿಷಪ್ಪರು ಪ್ರಾಂತ್ಯದ ಚರ್ಚುಗಳಲ್ಲಿ ಪೂಜಾಕಾರ್ಯಗಳನ್ನೇ ನಿಲ್ಲಿಸಿದರು. ಕೊನೆಗೆ ದಿಯೆಪ್ ಬಂದರು ಮೊದಲಾದ ಆಸ್ತಿಗಳನ್ನು ಬದಲಿಗೆ ಕೊಟ್ಟು ರಾಜಿಯಾಯಿತು.

1196ರಲ್ಲಿ ಆರಂಭವಾದ ಕೆಲಸ 1198ಕ್ಕೆ ಮುಗಿಯಿತು. ಕೋಟೆಗೂ ಅದರ ಬುಡದಲ್ಲಿ ಎದ್ದ ಹೊಸ ಊರಿಗೂ 11 ಸಾವಿರ ಪೌಂಡಿಗಿಂತ ಹೆಚ್ಚು ವೆಚ್ಚವಾಯಿತು. ತನ್ನ ಇಡೀ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಕೋಟೆಗಳಿಗೆ ರಿಚರ್ಡ್ ಅಷ್ಟು ಹಣ ಸುರಿದಿರಲಿಲ್ಲ.

ಅದರ ವಿನ್ಯಾಸವನ್ನು ಕಣ್ಣ ಮುಂದೆ ತಂದುಕೊಳ್ಳಿ. ಲಗ್ಗೆಗೆ ಅನುಕೂಲವಿದ್ದದ್ದು ಗುಡ್ಡದ ಒಂದೇ ದಿಕ್ಕು. ಆ ದಿಕ್ಕಿಗೆ ಮೂತಿಯಂತೆ ಚಾಚಿಕೊಂಡ ಹೊರಕೋಟೆ, ನಡುವೆ ಬಂಡೆ ಕೊರೆದ ಕಂದಕ, ಬಳಿಕ ನಡುಕೋಟೆ, ಅದರೊಳಗೆ ಒಳಕೋಟೆ. ಒಳಕೋಟೆಯ ಗೋಡೆ ನೇರವಾಗಿಲ್ಲ, ಸಾಲು ಸಾಲಾಗಿ ದುಂಡಗೆ ಉಬ್ಬಿದೆ. ಕವಣೆಯಂತ್ರದ ಕಲ್ಲಿನ ಪೆಟ್ಟು ಜಾರಿಹೋಗಲೆಂದು, ಬುಡದಲ್ಲಿ ಅಡಗಿದವನಿಗೂ ಬಾಣ ತಾಗಲೆಂದು ಈ ಏರ್ಪಾಡು. ಎಲ್ಲಕ್ಕೂ ಒಳಗೆ, ದಪ್ಪ ಗೋಡೆಯ ದುಂಡು ಬುರುಜು.

1199ರಲ್ಲಿ ರಿಚರ್ಡ್ ತೀರಿಕೊಂಡ, ತಮ್ಮ ಜಾನ್ ಪಟ್ಟಕ್ಕೆ ಬಂದ. 1203ರಲ್ಲಿ ಫಿಲಿಪ್ ಮುತ್ತಿಗೆ ಹಾಕಿದ. ಜಾನ್ ಕಳಿಸಿದ ನೆಲದ ಸೇನೆಯೂ ನದಿಯ ದೋಣಿಗಳೂ ಒಂದೇ ಹೊತ್ತಿಗೆ ತಲುಪದೆ ಸೋತವು. ಕೆಳಗಿನ ಊರಿನವರು ಸಾವಿರಕ್ಕೂ ಮಿಕ್ಕಿ ಕೋಟೆಯೊಳಗೆ ಸೇರಿಕೊಂಡರು. ದುರ್ಗಾಧಿಪತಿ ರೋಜರ್ ದ ಲೇಸಿ ಕಣಜ ನೋಡಿದ, ಬಾಯಿಗಳನ್ನು ಎಣಿಸಿದ. ಕಾದಲಾರದವರನ್ನು ತಂಡತಂಡವಾಗಿ ಹೊರಗೆ ಕಳಿಸಿದ. ಮೊದಲೆರಡು ತಂಡಗಳಿಗೆ ಫ್ರೆಂಚರು ದಾರಿ ಬಿಟ್ಟರು. ಆಮೇಲೆ ಯಾರನ್ನೂ ಬಿಡಕೂಡದೆಂದು ಫಿಲಿಪ್ ಆಜ್ಞೆ ಮಾಡಿದ. ಕೊನೆಗೆ ಹೊರಟ ನೂರಾರು ಮಂದಿಗೆ ಎದುರಿನಿಂದ ಬಾಣಗಳು ಬಂದವು. ಹಿಂದಿರುಗಿ ನೋಡಿದರೆ ಕೋಟೆಯ ಬಾಗಿಲು ಮುಚ್ಚಿತ್ತು. ಎರಡೂ ಪಡೆಗಳ ನಡುವೆ, ಚಳಿಗಾಲದಲ್ಲಿ, ಬಯಲಲ್ಲಿ ಅವರು ಬಿದ್ದರು. ಬಹಳ ಮಂದಿ ಹಸಿವಿನಿಂದ ಸತ್ತರು. ಉಳಿದವರಿಗೆ ಫಿಲಿಪ್ ಮರುಗಿ ಅನ್ನ ಕೊಡಿಸಿ ಹೋಗಲು ಬಿಟ್ಟನೆಂದು ಗಿಯೋಮ್ ಲ ಬ್ರೆತೋ ಬರೆದಿದ್ದಾನೆ. ಆತ ಫಿಲಿಪ್ಪನದೇ ಪಾದ್ರಿ ಎಂಬುದನ್ನು ಮರೆಯಬಾರದು.

ಇಷ್ಟು ಮಾಡಿಯೂ ಕೋಟೆ ಉಳಿಯಲಿಲ್ಲ. ಹೊರಕೋಟೆಯ ಬುರುಜು ಸುರಂಗಕ್ಕೆ ಉರುಳಿತು. ಜಾನ್ ಆಮೇಲೆ ಸೇರಿಸಿದ್ದ ಕಟ್ಟಡದ ಕಿಂಡಿಯಿಂದ ಶತ್ರುಗಳು ನಡುಕೋಟೆಗೆ ನುಸುಳಿದರು. ಅದು ಪ್ರಾರ್ಥನಾಮಂದಿರದ ಕಿಟಕಿಯೆಂದು ಕೆಲವರು, ಶೌಚದ ಕಿಂಡಿಯೆಂದು ಕೆಲವರು ಹೇಳುತ್ತಾರೆ. ಒಳಗೋಡೆಯೂ ಸುರಂಗ, ಕವಣೆಯಂತ್ರಗಳಿಗೆ ಬಿರಿಯಿತು. 1204ರ ಮಾರ್ಚ್ 6ರಂದು ಕೋಟೆ ಫಿಲಿಪ್ಪನ ವಶವಾಯಿತು. ಜೂನ್‌ನಲ್ಲಿ ರುವಾನ್ ಶರಣಾಯಿತು, ನಾರ್ಮಂಡಿ ಜಾನನ ಕೈತಪ್ಪಿತು.

1599ರಲ್ಲಿ ನಾಲ್ಕನೆಯ ಹೆನ್ರಿ ಕೋಟೆಯನ್ನು ಕೆಡವಿಸಲು ಅಪ್ಪಣೆ ಕೊಟ್ಟ. ಅದರ ಕಲ್ಲುಗಳು ಸನ್ಯಾಸಿಗಳ ಮಠದ ಕಟ್ಟಡಕ್ಕೆ ಹೋದವು. 1862ರಿಂದ ಅದು ರಕ್ಷಿತ ಸ್ಮಾರಕ. ಕಟ್ಟಲು ತಗುಲಿದ ಹಣದ ಲೆಕ್ಕ ಅಂದಿನ ರಾಜರ ಕಡತಗಳಲ್ಲಿ ಭದ್ರವಾಗಿದೆ. ಗೋಡೆಯ ಹೊರಗೆ ಸತ್ತವರ ಹೆಸರು ಮಾತ್ರ ಒಂದೂ ಉಳಿದಿಲ್ಲ.