ಹೆಂಗಸರನ್ನು ಹೇಗೆ ಕರೆಯಬೇಕು?
(ನಮ್ಮ ಬಾಂದ್ರಾ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಮೆಟ್ರಿಕ್ ತನಕ ಓದಿದ ಗಿರಣಿ ಗುಮಾಸ್ತ. ಪಗಾರದ ಕಿಟಕಿಯಲ್ಲಿ ಕಲಿತ ಒಂದು ಪಾಠವನ್ನಷ್ಟೇ ತಮ್ಮ ಮುಂದೆ ಇಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರನ್ನು "ಏ ಬಾಯಿ, ಮುಂದೆ ಬಾ" ಎಂದು ಕೂಗಿದೆ. ಅವರು ವಿಜಾಪುರದ ಕಡೆಯವರು. ಹೆಬ್ಬೆಟ್ಟು ಒತ್ತಿ, ಹಣ ಎಣಿಸಿಕೊಂಡು, "ತಮ್ಮಾ, ಊರಾಗ ನನ್ನ ಹೆಸರಿಗೆ ಬಾಯಿ ಅಂತ ಹಚ್ಚಿ ಕರೀತಿದ್ರು. ಇಲ್ಲಿ ಹೆಸರು ಹೋತು, ಬಾಯಿ ಅಷ್ಟ ಉಳೀತು" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ನಿಜವೇ. ಲಕ್ಷ್ಮೀಬಾಯಿ, ಗಂಗಾಬಾಯಿ ಎಂದರೆ ಗೌರವ. ಮುಂಬಯಿಯಲ್ಲಿ ಬರಿಯ 'ಬಾಯಿ' ಎಂದರೆ ಮನೆಗೆಲಸದವಳು. ಮಾತು ಒಂದೇ, ಮರ್ಯಾದೆ ಬೇರೆ.

ಕಾಗದದ ಮೇಲೂ ಇದೇ ಕಥೆ. ಗಂಡಸು ಮದುವೆಯಾಗಲಿ, ಬಿಡಲಿ, ಹೆಂಡತಿಯನ್ನು ಕಳೆದುಕೊಳ್ಳಲಿ, ಅವನು 'ಶ್ರೀ'. ಹೆಂಗಸು ಮಾತ್ರ ಮೊದಲು ಕುಮಾರಿ, ಆಮೇಲೆ ಸೌಭಾಗ್ಯವತಿ. ಮರಾಠಿ ಪದ್ಧತಿಯಂತೆ ಗಂಡ ಸತ್ತರೆ 'ಗಂ. ಭಾ.', ಅಂದರೆ ಗಂಗಾ ಭಾಗೀರಥಿ. ಹೆಸರು ಹೇಳುವ ಮೊದಲೇ ಮನೆಯ ದುಃಖ ಹೇಳಬೇಕು! 2023ರಲ್ಲಿ ಮಹಾರಾಷ್ಟ್ರದ ಮಂತ್ರಿಯೊಬ್ಬರು ವಿಧವೆಯರಿಗೆ ಈ ಬಿರುದನ್ನೇ ಸೂಚಿಸಿದಾಗ ಅನೇಕ ಹೆಂಗಸರು ಬೇಡವೆಂದು ಪ್ರತಿಭಟಿಸಿದರು.

ದೂರದ ಫ್ರಾನ್ಸಿನಲ್ಲೂ ಈ ತಂಟೆ ಇತ್ತು. ಅಲ್ಲಿ ಗಂಡಸರಿಗೆಲ್ಲ 'ಮೊಸ್ಯೂ' ಒಂದೇ. ಹೆಂಗಸರಿಗೆ ಎರಡು: ಮದುವೆಯಾದವಳು 'ಮದಾಮ್', ಆಗದವಳು 'ಮದ್‌ಮ್ವಾಜೆಲ್'. ಹೆಂಗಸರ ಸಂಘಗಳು ಹಟ ಹಿಡಿದ ಮೇಲೆ, 2012ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಧಾನಿ ಸರಕಾರಿ ಫಾರಮುಗಳಿಂದ ಎರಡನೆಯದನ್ನು ತೆಗೆಯಲು ಸುತ್ತೋಲೆ ಹೊರಡಿಸಿದರು. ಈಗ ಫಾರಮಿನಲ್ಲಿ ಎಲ್ಲರೂ ಮದಾಮ್. 'ಮದುವೆಯಾಯಿತೇ?' ಎಂಬ ಪ್ರಶ್ನೆ ಇಲ್ಲ.

ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಹನ್ನೆರಡನೆಯ ಶತಮಾನದ ಮಹಾದೇವಿಯನ್ನು ನಾವು ಇಂದಿಗೂ 'ಅಕ್ಕ' ಎನ್ನುತ್ತೇವೆ. ಆ ಮಾತು ಅವಳ ಗಂಡ ಯಾರೆಂದು ಕೇಳುವುದಿಲ್ಲ. ನಮ್ಮ 'ಅವರು', 'ಬನ್ನಿ', 'ಬರ್ರೀ' ಸಹ ಕೇಳುವುದಿಲ್ಲ. ಮರಾಠಿಯವರ 'ತಾಯಿ' ಎಂದರೆ ಅಕ್ಕ, ನಮ್ಮ 'ತಾಯಿ' ಎಂದರೆ ಅಮ್ಮ. ನೆರೆಯವರನ್ನು ಹಾಗೆ ಕರೆದರೆ ಎರಡು ಭಾಷೆಯಲ್ಲೂ ನಷ್ಟವಿಲ್ಲ.

ಊರಿನಿಂದ ಹೊಸದಾಗಿ ಬಂದ ತರುಣರಲ್ಲಿ ನನ್ನ ಬಿನ್ನಹ ಇಷ್ಟೇ: ಪಾತ್ರೆ ತಿಕ್ಕುವವರಿರಲಿ, ಮೀನು ಮಾರುವವರಿರಲಿ, ಒಮ್ಮೆ ಹೆಸರು ಕೇಳಿ, 'ನೀವು' ಎನ್ನಿ. ಮುಂದಿನ ಪಗಾರದ ದಿನ ನಾನು ಆ ತಾಯಿಯ ಪೂರ್ತಿ ಹೆಸರನ್ನು ಓದಿ ಕರೆದೆ. ಅವರು ಏನೂ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಡೆದು ಬಂದರು.