ಮಕ್ಕಳ ಹೊಣೆ

ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳಾಗಿದ್ದರು. ಅವರ ಮತದವನೆಂಬ ಸಲುಗೆಯಿಂದ ಎರಡು ಮಾತುಗಳನ್ನಾಡುವೆನು.

ಲೂಕನ ಸುವಾರ್ತೆಯಲ್ಲೊಂದು ಪ್ರಸಂಗವುಂಟು. ಹನ್ನೆರಡು ವರುಷದ ಯೇಸುವು ಹಬ್ಬ ಮುಗಿದ ಮೇಲೆ ಯೆರೂಸಲೇಮಿನಲ್ಲಿಯೇ ಉಳಿದನು. ತಾಯಿತಂದೆಗಳು, ಮಗನು ಜೊತೆಯ ಜನರೊಳಗಿರುವನೆಂದು ನಂಬಿ ಒಂದು ದಿನದ ದಾರಿಯನ್ನು ನಡೆದುಬಿಟ್ಟರು. ಮೂರು ದಿನಗಳ ಮೇಲೆ ದೇವಾಲಯದಲ್ಲಿ, ಬೋಧಕರ ನಡುವೆ ಅವನನ್ನು ಕಂಡರು. ಬಳಗವೆಲ್ಲವೂ ಮಗುವನ್ನು ತನ್ನದೆಂದು ನೋಡಿಕೊಳ್ಳುವುದೆಂಬ ಆ ನಂಬಿಕೆಯು ದೊಡ್ಡದು. ಆದರೆ ಎಲ್ಲರ ಹೊಣೆಯು ಯಾರ ಹೊಣೆಯೂ ಅಲ್ಲದಂತಾಗುವ ಅಪಾಯವೂ ಅಲ್ಲಿಯೇ ಇದೆ.

ಈ ಸೀಮೆಯ ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನವು ವಿದ್ಯೆ, ಅನ್ನ, ಔಷಧಗಳ ನೆಲೆಯೆಂದು ಕೊಂಡಾಡಿದೆ. ಮಠವು ಅನ್ನವನ್ನೂ ಅಕ್ಷರವನ್ನೂ ಕೊಡಬಲ್ಲದು. ತಾಯಿಯ ವಿಚಾರಣೆಯನ್ನು ಕೊಡಲಾರದು. ಓದಲೆಂದು ಪೇಟೆಗೆ ಹೋದ ಹುಡುಗನನ್ನು ಮನೆಯವರು ಮಠಕ್ಕೂ, ಮಠದವರು ಶಾಲೆಗೂ, ಶಾಲೆಯವರು ಮನೆಗೂ ಬಿಟ್ಟರೆ ಅವನು ಯಾರ ಮಗನೂ ಆಗಲಾರನು. ಆದುದರಿಂದ ಮಹನೀಯರೇ, ಪಯಣದ ಮೊದಲ ಸಂಜೆಯಲ್ಲಿಯೇ “ಮಗು ಎಲ್ಲಿ?” ಎಂದು ಒಬ್ಬರನ್ನೊಬ್ಬರು ಕೇಳುವವರಾಗೋಣ. ಕೂಡಿ ಸಾಕುವುದೆಂದರೆ ಹೊಣೆಯನ್ನು ಹಂಚಿ ಹಗುರಾಗುವುದಲ್ಲ. ಪ್ರತಿಯೊಬ್ಬನೂ ಅದನ್ನು ಪೂರ್ತಿಯಾಗಿ ಹೊರುವುದು.