ಕಿರಿಯರಿಗೆ ಹರೆಯದವರೇ ಗುರುಗಳು



ಮುಸುಕಿನ ಜೋಳದ ಹೊಸ ಬೀಜವನ್ನು ಹಿರಿಯರು ಸುಲಭವಾಗಿ ನಂಬದ ಕಾಲದಲ್ಲಿ, ಅಮೆರಿಕದಲ್ಲಿ ಅದನ್ನು ಮಕ್ಕಳಿಂದ ಬಿತ್ತಿಸಿ ತೋರಿಸಲಾಯಿತು. 1902ರಲ್ಲಿ ಓಹಿಯೋ ರಾಜ್ಯದ ಶಾಲಾಧಿಕಾರಿ ಎ.ಬಿ. ಗ್ರಹಾಂ ಕಟ್ಟಿದ ಮಕ್ಕಳ ಕೃಷಿ ಸಂಘವು ‘ಫೋರ್-ಎಚ್’ ಚಳವಳಿಯ ಮೊಳಕೆಗಳಲ್ಲೊಂದು. ತಲೆ, ಹೃದಯ, ಕೈ, ಆರೋಗ್ಯ ಈ ನಾಲ್ಕೂ ಬೆಳೆಯಬೇಕೆಂಬುದು ಅದರ ಧ್ಯೇಯ. 1914ರ ಸ್ಮಿತ್-ಲಿವರ್ ಕಾಯಿದೆಯ ನಂತರ ಅದು ವಿಶ್ವವಿದ್ಯಾನಿಲಯಗಳ ವಿಸ್ತರಣಾ ಸೇವೆಯ ಅಂಗವಾಯಿತು.

ಬಡತನದಿಂದ ಓದು ಬಿಡುವ, ದುಶ್ಚಟಕ್ಕೆ ಬೀಳುವ ಭಯವಿರುವ ಮಕ್ಕಳಿಗೂ ಈ ಸಂಘಗಳು ಇಂದು ನೆರವಾಗುತ್ತಿವೆ. ವಿಶೇಷವೆಂದರೆ, ಅನೇಕ ಕಡೆ ಕಲಿಸುವವರು ಹದಿಹರೆಯದವರೇ. ಮೊದಲು ಅವರಿಗೆ ತರಬೇತಿ. ಬಳಿಕ ಅವರು ಕಿರಿಯರಿಗೆ ಹಣದ ಲೆಕ್ಕ, ಕೆಲಸಕ್ಕೆ ಅರ್ಜಿ ಬರೆಯುವುದು, ಸಂದರ್ಶನದಲ್ಲಿ ಮಾತನಾಡುವ ಬಗೆ, ತಂಬಾಕು ಮದ್ಯಗಳಿಗೆ ‘ಬೇಡ’ ಎನ್ನುವ ಧೈರ್ಯ ಕಲಿಸುತ್ತಾರೆ. ಉಪದೇಶಕ್ಕಿಂತ ಮಾಡಿ ಕಲಿಯುವುದೇ ಇಲ್ಲಿ ಮುಖ್ಯ. ದೊಡ್ಡವರ ಬುದ್ಧಿವಾದಕ್ಕೆ ಕಿವಿಗೊಡದ ಹುಡುಗನೂ ನಾಲ್ಕು ವರ್ಷ ಹಿರಿಯನಾದ ಅಣ್ಣನ ಮಾತು ಕೇಳಿಯಾನು. ಕಲಿಸುವವನಲ್ಲೂ ಹೊಣೆಗಾರಿಕೆ ಬೆಳೆಯುತ್ತದೆ.

ಆದರೆ ಎಲ್ಲವನ್ನೂ ಹುಡುಗರ ಹೆಗಲಿಗೇ ಹೊರಿಸಬಾರದು. ತಿಳಿದ ಹಿರಿಯರೊಬ್ಬರು ಜೊತೆಗಿರಲೇಬೇಕು. ಮನೆಯ ಹೊಡೆತ ಬಡಿತ, ಕುಡಿತದ ಸಂಕಟ ಹೇಳಿಕೊಂಡ ಮಗುವಿನ ಹೊಣೆ ಆ ಹಿರಿಯರದೇ. ಎಳೆಯ ಹೋರಿಗೆ ಒಂಟಿಯಾಗಿ ಭಾರದ ಗಾಡಿ ಕಟ್ಟುವವರುಂಟೇ? ಪಳಗಿದ ಎತ್ತಿನ ಜೊತೆ ಹೂಡಿದರೆ ತಾನೇ ಅದು ನೊಗಕ್ಕೆ ಒಗ್ಗುವುದು!